ಗೋವಾ ಐರನ್‌ಮ್ಯಾನ್ 70.3 ರೇಸು 8 ಗಂಟೆ 19 ನಿಮಿಷ. ಮುಂದಿನ ವರ್ಷ 7 ಗಂಟೆಯೊಳಗೆ ಆಗುವ ಮಾತಾ?

ಬೆಣ್ಣೆದೋಸೆ_41 | ಭಾನುವಾರ, ರಾತ್ರಿ 9:42

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದುತ್ತಿದ್ದೆ. ಬರೆಯುವುದು ಇದೇ ಮೊದಲು, ಉದ್ದ ಆದರೆ ಬೈಯಬೇಡಿ.

ಊರು ದಾವಣಗೆರೆ, ವಯಸ್ಸು 41. ಬೀಜ-ಗೊಬ್ಬರದ ಅಂಗಡಿ ನಮ್ಮದು. ಈಜು ಕಲಿತದ್ದು 38ಕ್ಕೆ, ಮಗಳ ಜೊತೆ ಮಕ್ಕಳ ಬ್ಯಾಚಿನಲ್ಲಿ. ಅವಳು ಹದಿನೈದು ದಿನದಲ್ಲಿ ಕಲಿತಳು. ನನಗೆ ಐದು ತಿಂಗಳು ಹಿಡಿಯಿತು.

ಈ ವರ್ಷದ ಲೆಕ್ಕ ಹೇಳಿಬಿಡುತ್ತೇನೆ. ಫೆಬ್ರವರಿಯಲ್ಲಿ ಕರಾವಳಿಯಲ್ಲಿ ಒಂದು ಸಣ್ಣ ಸ್ಪ್ರಿಂಟ್ ರೇಸು: 750 ಮೀಟರ್ ಈಜು, 20 ಕಿ.ಮೀ ಸೈಕಲ್, 5 ಕಿ.ಮೀ ಓಟ. ಕೊನೆಯಿಂದ ನಾಲ್ಕನೆಯವನಾಗಿ ಬಂದೆ. ಏಪ್ರಿಲ್ 27ಕ್ಕೆ ಬೆಂಗಳೂರಿನ 10ಕೆ, 58 ನಿಮಿಷ. ಮೇ ಕೊನೆಯಿಂದ ಜುಲೈ ಮುಗಿಯುವ ತನಕ ಸೊನ್ನೆ. ಬಿತ್ತನೆ ಟೈಮು. ಮೆಕ್ಕೆಜೋಳದ ಬೀಜಕ್ಕೆ ಬೆಳಿಗ್ಗೆ ಏಳಕ್ಕೇ ರೈತರು ಬಂದು ನಿಂತಿರುತ್ತಾರೆ. ಆ ಹೊತ್ತಿನಲ್ಲಿ ನಾನು ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡಿದರೆ ಅಂಗಡಿ ಮುಳುಗಿತು, ಸಾಹುಕಾರ ಓಡಿಹೋಗುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಆಗಸ್ಟ್‌ನಿಂದ ಹದಿಮೂರು ವಾರ ಗಟ್ಟಿಯಾಗಿ ಮಾಡಿದೆ. ಸೆಪ್ಟೆಂಬರಿನಲ್ಲಿ ಕುಂದುವಾಡ ಕೆರೆ ಸುತ್ತ ಒಬ್ಬನೇ 21 ಕಿ.ಮೀ ಓಡಿ ನೋಡಿದೆ, 2 ಗಂಟೆ 14 ನಿಮಿಷ.

ನವೆಂಬರ್ 9ಕ್ಕೆ ಗೋವಾ 70.3, ಅಂದರೆ ಈಜು, ಸೈಕಲ್, ಓಟ ಒಂದರ ಹಿಂದೊಂದು ಮಾಡುವ ಅರ್ಧ ಐರನ್‌ಮ್ಯಾನ್. ಮುಗಿಸಿದೆ!

ಈಜು (1.9 ಕಿ.ಮೀ) 1:07
ಟಿ1 (ಈಜಿನಿಂದ ಸೈಕಲ್‌ಗೆ ಬದಲಾಗುವ ಹೊತ್ತು) 0:11
ಸೈಕಲ್ (90 ಕಿ.ಮೀ) 3:41
ಟಿ2 (ಸೈಕಲ್‌ನಿಂದ ಓಟಕ್ಕೆ) 0:08
ಓಟ (21.1 ಕಿ.ಮೀ) 3:12
ಒಟ್ಟು 8:19

ಈಜಿನ ಗಡುವು 1:10, ಒಟ್ಟು ಗಡುವು 8:30. ಎರಡರಲ್ಲೂ ಬಾಗಿಲು ಮುಚ್ಚುವ ಹೊತ್ತಿಗೆ ನುಸುಳಿದ ಹಾಗಾಯಿತು.

ಮುಂದಿನ ವರ್ಷ 7 ಗಂಟೆಯೊಳಗೆ ಬರಬೇಕು ಅಂತ ಆಸೆ. ಈಗಿರುವುದು ಸಾಧಾರಣ ಅಲ್ಯೂಮಿನಿಯಂ ರೋಡ್ ಬೈಕ್. ಕಾರ್ಬನ್ ಟಿಟಿ ಬೈಕ್ (ಮೈ ಬಗ್ಗಿಸಿ ಗಾಳಿ ಸೀಳಿಕೊಂಡು ಹೋಗುವ ಟೈಮ್ ಟ್ರಯಲ್ ಸೈಕಲ್) ಒಂದನ್ನು ನೋಡಿಟ್ಟಿದ್ದೇನೆ, 2.8 ಲಕ್ಷ. ತಗೊಂಡರೆ ಎಷ್ಟು ನಿಮಿಷ ಕಡಿಮೆ ಆಗಬಹುದು? ಅನುಭವ ಇದ್ದವರು ಹೇಳಿ.


ಹಾಸಿಗೆ_ವೀರ | ಭಾನುವಾರ, ರಾತ್ರಿ 9:50

70.3 ಕಿಲೋಮೀಟರ್‌ಗೆ ಎಂಟು ಗಂಟೆನಾ? ನಮ್ಮೂರ ಬಸ್ಸೂ ಅದಕ್ಕಿಂತ ಬೇಗ ಹೋಗುತ್ತೆ.


ಸಿಂಗಾಪುರ_ಗೌಡ | ಭಾನುವಾರ, ರಾತ್ರಿ 9:58

@ಹಾಸಿಗೆ_ವೀರ ಅದು ಮೈಲಿ ಗುರು, ಕಿಲೋಮೀಟರ್ ಅಲ್ಲ. ಒಟ್ಟು 113 ಕಿ.ಮೀ. ಪೂರ್ತಿ ಐರನ್‌ಮ್ಯಾನ್ ಅಂದರೆ ಇದರ ಎರಡರಷ್ಟು, 226 ಕಿ.ಮೀ.


ಹುಬ್ಬಳ್ಳಿ_ಚೈನು | ಭಾನುವಾರ, ರಾತ್ರಿ 10:05

ಮೊದಲ ಸಲಕ್ಕೇ ಮುಗಿಸಿದ್ದಕ್ಕೆ ಅಭಿನಂದನೆ ಸರ್. ನನ್ನ ಮತ ಸೈಕಲ್‌ಗೆ. ಸರಳ ಲೆಕ್ಕ ನೋಡ್ರಿ: ಇಡೀ ರೇಸಿನಲ್ಲಿ ಜಾಸ್ತಿ ಹೊತ್ತು ಕಳೆಯುವುದು ಸೀಟಿನ ಮೇಲೆ. ನಿಮ್ಮ ಸರಾಸರಿ ಗಂಟೆಗೆ 24.4 ಕಿ.ಮೀ. ಅದು 28 ಆದರೆ 90 ಕಿ.ಮೀಗೆ 3:13. ಒಂದೇ ಏಟಿಗೆ 28 ನಿಮಿಷ ಉಳಿಯಿತು. ಈಜಿನಲ್ಲಿ 28 ನಿಮಿಷ ಉಳಿಸಬೇಕಂದ್ರೆ ಮೀನಾಗಿ ಹುಟ್ಟಬೇಕು.


ಕುಂದಾಪ್ರದವ | ಭಾನುವಾರ, ರಾತ್ರಿ 10:21

ಚೈನು ಮಾರಾಯ್ರೆ, ನಿಮಗೆ ಪ್ರತಿ ರೋಗಕ್ಕೂ ಸೈಕಲ್ಲೇ ಮದ್ದು. ಹೋದ ವರ್ಷ ಯಾರೋ ಮಂಡಿ ನೋವು ಅಂತ ಬರೆದಾಗಲೂ ಹೊಸ ಸೈಕಲ್ ಅಂದಿದ್ದಿರಿ.

ಬೆಣ್ಣೆದೋಸೆಯವರೇ, ನನಗೆ ಎರಡು ವಿಷಯ ಬೇಕು. ಕೊಳದಲ್ಲಿ 1.9 ಕಿ.ಮೀ ಎಷ್ಟರಲ್ಲಿ ಈಜುತ್ತೀರಿ? ಗೋವಾದಲ್ಲಿ ನಿಮ್ಮ ವಾಚು ಎಷ್ಟು ಮೀಟರ್ ತೋರಿಸಿತು?


ಬೆಣ್ಣೆದೋಸೆ_41 | ಭಾನುವಾರ, ರಾತ್ರಿ 10:30

ಕೊಳದಲ್ಲಿ 54 ನಿಮಿಷ. ನಮ್ಮದು 25 ಮೀಟರ್ ಕೊಳ, 76 ಸಲ ಆ ಕಡೆ ಈ ಕಡೆ. ಗೋವಾದಲ್ಲಿ ವಾಚು 2,260 ಮೀಟರ್ ತೋರಿಸಿತು. ವಾಚೇ ಸರಿ ಇಲ್ಲವೇನೋ ಅಂದುಕೊಂಡೆ.


ಕುಂದಾಪ್ರದವ | ಭಾನುವಾರ, ರಾತ್ರಿ 10:52

ವಾಚು ಸ್ವಲ್ಪ ಹೆಚ್ಚು ಕಡಿಮೆ ತೋರಿಸುತ್ತದೆ, ಸರಿ. ಆದರೆ 360 ಮೀಟರ್ ಅಲ್ಲ. ನೀವು ಹಾವು ಹೋದ ಹಾಗೆ ಹೋಗಿದ್ದೀರಿ.

ಲೆಕ್ಕ ಹಾಕಿ ನೋಡಿ. 2,260 ಮೀಟರ್ 67 ನಿಮಿಷಕ್ಕೆ ಅಂದರೆ ನೂರು ಮೀಟರ್‌ಗೆ 2:58. ಕೊಳದಲ್ಲಿ ನಿಮ್ಮದು 2:50. ಅಂದರೆ ಸಮುದ್ರದಲ್ಲಿ ನೀವು ಅಷ್ಟೇನೂ ನಿಧಾನ ಆಗಿಲ್ಲ! ಹೆಚ್ಚಾಗಿ ದಾರಿ ತಪ್ಪಿದ್ದೀರಿ. ಆ 360 ಮೀಟರ್‌ಗೇ ಹತ್ತೂವರೆ ನಿಮಿಷ ಹೋಗಿದೆ.

ಕೊಳದಲ್ಲಿ ತಳದ ಮೇಲೆ ಕಪ್ಪು ಗೆರೆ ಇರುತ್ತದೆ, ನೋಡುತ್ತಾ ಹೋದರೆ ಆಯಿತು. ಸಮುದ್ರದಲ್ಲಿ ಗೆರೆ ಎಲ್ಲಿಂದ ಬರಬೇಕು? ಆರೆಂಟು ಕೈ ಬೀಸುವುದಕ್ಕೆ ಒಮ್ಮೆ ಕಣ್ಣು ಮಾತ್ರ ಮೇಲೆತ್ತಿ ನೋಡಬೇಕು, ಮೊಸಳೆ ನೋಡುತ್ತದಲ್ಲ, ಹಾಗೆ. ಪೂರ್ತಿ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಬ್ರೇಕ್ ಹಾಕಿದಂತೆಯೇ ಲೆಕ್ಕ. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಬಹುದು. ಆ ಕೊನೆಯಲ್ಲಿ ಒಂದು ಬಣ್ಣದ ಬಕೆಟ್ ಇಟ್ಟುಕೊಳ್ಳಿ, ಪ್ರತಿ ಸುತ್ತಿನಲ್ಲೂ ಎರಡು ಸಲ ಅದನ್ನು ನೋಡಿ. ಮತ್ತೊಂದು: ಮುಂದಿರುವವರ ಕಾಲ ಹಿಂದೆಯೇ ಈಜಿ, ಶ್ರಮ ಕಡಿಮೆ. ಸೈಕಲ್‌ನಲ್ಲಿ ಹಾಗೆ ಒಬ್ಬರ ಹಿಂದೆ ಅಂಟಿಕೊಂಡರೆ ದಂಡ, ಈಜಿನಲ್ಲಿ ಯಾರೂ ಕೇಳುವುದಿಲ್ಲ.

ಇನ್ನೂ ಒಂದು. ನೀವು ಬಲಗಡೆ ಮಾತ್ರ ಉಸಿರು ತಗೊಳ್ಳುತ್ತೀರಿ, ಹೌದೋ ಅಲ್ಲವೋ?


ಬೆಣ್ಣೆದೋಸೆ_41 | ಭಾನುವಾರ, ರಾತ್ರಿ 10:55

ಹೌದು ಸರ್. ಹೇಗೆ ಗೊತ್ತಾಯಿತು?


ಕುಂದಾಪ್ರದವ | ಭಾನುವಾರ, ರಾತ್ರಿ 10:57

ದೊಡ್ಡವರಾದ ಮೇಲೆ ಕಲಿತವರು ಬಹಳಷ್ಟು ಜನ ಹಾಗೇ. ಒಂದೇ ಕಡೆ ಉಸಿರಾಡಿದರೆ ದೋಣಿಗೆ ಒಂದೇ ಕಡೆ ಹುಟ್ಟು ಹಾಕಿದಂತೆ ಆಗುತ್ತದೆ.


ಅರ್ಧದಾರಿ | ಸೋಮವಾರ, ಬೆಳಿಗ್ಗೆ 6:10

ತೇಜಸ್ವಿ ಸೂರ್ಯ ಅವರು 2024ರ ಅಕ್ಟೋಬರ್‌ನಲ್ಲಿ ಇದೇ ಗೋವಾ ರೇಸನ್ನು 8:27:32ಕ್ಕೆ ಮುಗಿಸಿದ್ದರು. ನೀವು ಅದಕ್ಕಿಂತ ಎಂಟು ನಿಮಿಷ ಮುಂದೆ. ಇನ್ನೇನು ಬೇಕು?


ಹಾಸಿಗೆ_ವೀರ | ಸೋಮವಾರ, ಬೆಳಿಗ್ಗೆ 8:31

ಹಾಗಾದರೆ ಬೆಣ್ಣೆದೋಸೆ ಅವರಿಗೆ ಟಿಕೆಟ್ ಗ್ಯಾರಂಟಿ.


ಕೆಂಗೇರಿ_ಪೆಡಲ್ | ಸೋಮವಾರ, ಬೆಳಿಗ್ಗೆ 8:40

ಸಂಸದರಾಗಿದ್ದುಕೊಂಡು ತಯಾರಿಗೆ ಸಮಯ ಹೇಗೆ ಸಿಗುತ್ತದೆ ಅನ್ನೋದೇ ನನ್ನ ಪ್ರಶ್ನೆ. ನನಗೆ ಕೆಂಗೇರಿಯಿಂದ ಆಫೀಸಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ.


ನಿರ್ವಾಹಕ | ಸೋಮವಾರ, ಬೆಳಿಗ್ಗೆ 9:15

ಇದರ ಕೆಳಗೆ ಬಂದ ಹನ್ನೊಂದು ಉತ್ತರಗಳನ್ನು ತೆಗೆದಿದ್ದೇನೆ. ರಾಜಕೀಯಕ್ಕೆ ಬೇರೆ ಜಾಗ ಇದೆ. ಇಲ್ಲಿ ಈಜು, ಸೈಕಲ್, ಓಟ ಅಷ್ಟೇ.


ಮೈಸೂರಮ್ಮ | ಸೋಮವಾರ, ಬೆಳಿಗ್ಗೆ 10:48

ಎಲ್ಲರೂ ಸೈಕಲ್ಲು, ಈಜು ಅಂತ ಜಗಳ ಆಡುತ್ತಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಟಿ1 ಹನ್ನೊಂದು ನಿಮಿಷ, ಟಿ2 ಎಂಟು ನಿಮಿಷ. ಸೇರಿ 19! ನೀರಿಂದ ಎದ್ದು ಸೈಕಲ್ ಹತ್ತುವುದಕ್ಕೆ, ಸೈಕಲ್ ಇಳಿದು ಓಡುವುದಕ್ಕೆ 19 ನಿಮಿಷ ಏನು ಮಾಡಿದಿರಿ ಸ್ವಾಮಿ? ನಾಚಿಕೆ ಪಡದೆ ಹೇಳಿ.


ಬೆಣ್ಣೆದೋಸೆ_41 | ಸೋಮವಾರ, ಮಧ್ಯಾಹ್ನ 1:20

ಮೇಡಂ, ಪೂರ್ತಿ ಹೇಳಿಬಿಡುತ್ತೇನೆ. ನೀರಿಂದ ಬಂದವನು ಮೊದಲು ಕುಳಿತುಕೊಂಡೆ, ಉಸಿರು ಸಾಲುತ್ತಿರಲಿಲ್ಲ. ಬಾಟಲಿ ನೀರಲ್ಲಿ ಕಾಲಿನ ಮರಳು ತೊಳೆದೆ. ಟವೆಲ್ಲಲ್ಲಿ ಬೆರಳಿನ ಸಂದಿಗಳನ್ನೆಲ್ಲ ಒರೆಸಿದೆ. ಅಂಗಿ ಬದಲಾಯಿಸಿದೆ, ಒದ್ದೆ ಮೈಗೆ ಅದು ಅಂಟಿಕೊಂಡು ತಲೆಯಿಂದ ಇಳಿಯಲಿಲ್ಲ. ಆಮೇಲೆ ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಹಚ್ಚಿದ ಬ್ರೆಡ್ಡು ತಿಂದೆ.

ಟಿ2ನಲ್ಲಿ ಮನೆಗೆ ಫೋನ್ ಮಾಡಿದೆ.


ಹುಬ್ಬಳ್ಳಿ_ಚೈನು | ಸೋಮವಾರ, ಮಧ್ಯಾಹ್ನ 1:24

ಚಟ್ನಿಪುಡಿ!!! ಅದಕ್ಕೆ ಎಣ್ಣೆ ಹಾಕಿದ್ದಿರೋ ಮೊಸರೋ?


ನಿರ್ವಾಹಕ | ಸೋಮವಾರ, ಮಧ್ಯಾಹ್ನ 1:31

ರೇಸ್ ನಡುವೆ ಫೋನ್ ಬಳಸಿದರೆ ಅನರ್ಹ ಮಾಡುವ ನಿಯಮ ಇರುತ್ತದೆ ಸರ್. ಇನ್ನು ಮುಂದೆ ಬ್ಯಾಗಿನಲ್ಲೂ ಇಟ್ಟುಕೊಳ್ಳಬೇಡಿ.


ಮೈಸೂರಮ್ಮ | ಸೋಮವಾರ, ಮಧ್ಯಾಹ್ನ 3:02

ನಕ್ಕು ನಕ್ಕು ಸಾಕಾಯಿತು. ಈಗ ಕೇಳಿ. ಟ್ರೈ ಸೂಟ್ ಒಂದು ತಗೊಳ್ಳಿ, ಈಜಿನಿಂದ ಓಟದ ತನಕ ಅದೇ. ಬಟ್ಟೆ ಬದಲಾಯಿಸುವ ಮಾತೇ ಇಲ್ಲ. ಹೆಲ್ಮೆಟ್ ಒಳಗೆ ಕನ್ನಡಕ, ನಂಬರ್ ಬೆಲ್ಟ್ ಮೊದಲೇ ಇಟ್ಟಿರಬೇಕು. ಶೂಗೆ ಲೇಸ್ ತೆಗೆದು ಎಲಾಸ್ಟಿಕ್ ಹಾಕಿ, ಕಟ್ಟುವ ಕೆಲಸ ಇಲ್ಲ. ತಿನ್ನುವುದೆಲ್ಲ ಸೈಕಲ್ ಮೇಲೆ. ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ಮುಟ್ಟಬೇಡಿ, ಅದಕ್ಕೂ ದಂಡ ಇದೆ.

ನನಗೆ 46. ನಾನೇನು ದೊಡ್ಡ ವೇಗದವಳಲ್ಲ. ಆದರೆ ಟಿ1 ಐದು ನಿಮಿಷ, ಟಿ2 ನಾಲ್ಕು ನಿಮಿಷ ಮೀರುವುದಿಲ್ಲ. ಮನೆ ವರಾಂಡದಲ್ಲಿ ಬಕೆಟ್ ನೀರು ಸುರಿದುಕೊಂಡು ಅಭ್ಯಾಸ ಮಾಡಿದ್ದೇನೆ. ಅತ್ತೆ ಮೊದಮೊದಲು ಗಾಬರಿಯಾಗಿದ್ದರು, ಈಗ ಅವರೇ ಟೈಮ್ ನೋಡಿ ಹೇಳುತ್ತಾರೆ.

ನಿಮಗೆ ಊರಲ್ಲಿ ಕೊಳ ಇದೆ, ಬೇಕಾದ ಹೊತ್ತಿಗೆ ಬಿಡುತ್ತಾರೆ ಅನ್ನೋದೇ ಪುಣ್ಯ. ನಾನು ಮೊದಲಿದ್ದ ಊರಿನಲ್ಲಿ ಹೆಂಗಸರ ಬ್ಯಾಚು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಕೆಲಸಕ್ಕೆ ಹೋಗುವವಳು ಹತ್ತಕ್ಕೆ ಹೇಗೆ ಬರಬೇಕು? ಬೆಳಿಗ್ಗೆ ಆರಕ್ಕೆ ಒಂದು ಲೇನ್ ಕೊಡಿ ಅಂತ ಅರ್ಜಿ ಕೊಟ್ಟೆ. "ಗಂಡಸರಿಗೆ ಮುಜುಗರ ಆಗುತ್ತದೆ" ಅಂದರು. ಮುಜುಗರ ಅವರಿಗಂತೆ!


ಓಟದ_ಅಕ್ಕ | ಸೋಮವಾರ, ಸಂಜೆ 5:15

ಮೈಸೂರಮ್ಮ, ನಮ್ಮಲ್ಲಿ ಇನ್ನೂ ಹಾಗೇ ಇದೆ. ನಾವು ಏಳು ಜನ ಸೇರಿ ಹೋಗಿ ಕೇಳಿದ ಮೇಲೆ ವಾರಕ್ಕೆ ಎರಡು ದಿನ ಬೆಳಿಗ್ಗೆ ಆರೂವರೆಗೆ ಕೊಟ್ಟರು. ಒಬ್ಬರೇ ಹೋದರೆ ಅರ್ಜಿ, ಏಳು ಜನ ಹೋದರೆ ಬ್ಯಾಚು.


ಡಾ_ಓಟ | ಸೋಮವಾರ, ರಾತ್ರಿ 8:44

ನನಗೆ ಓಟದ ಬಗ್ಗೆ ಹೇಳುವುದಿದೆ. ತಾಜಾ ಕಾಲಿನಲ್ಲಿ 21 ಕಿ.ಮೀ 2:14ಕ್ಕೆ ಓಡುವವರು 70.3 ಕೊನೆಯಲ್ಲಿ ಹತ್ತು-ಹದಿನೈದು ನಿಮಿಷ ನಿಧಾನ ಆಗುವುದು ಸಹಜ. ನೀವು 58 ನಿಮಿಷ ನಿಧಾನ ಆಗಿದ್ದೀರಿ. ಇದು ಕಾಲಿನ ಸಮಸ್ಯೆ ಅಲ್ಲ. ದಯವಿಟ್ಟು ಸೈಕಲ್ ಮೇಲೆ ಏನು ತಿಂದಿರಿ, ಎಷ್ಟು ಕುಡಿದಿರಿ, ಓಟದಲ್ಲಿ ಏನಾಯಿತು, ವಿವರವಾಗಿ ಬರೆಯಿರಿ.


ಬೆಣ್ಣೆದೋಸೆ_41 | ಸೋಮವಾರ, ರಾತ್ರಿ 9:30

ಡಾಕ್ಟ್ರೇ, ಸೈಕಲ್ ಮೇಲೆ ಎರಡು ಜೆಲ್ (ಶಕ್ತಿಗೆ ತಿನ್ನುವ ಸಿಹಿ ಪಾಕದ ಪೊಟ್ಟಣ), ಒಂದು ಬಾಳೆಹಣ್ಣು. ನೀರು ಐದು ಬಾಟಲಿ, 750 ಎಂಎಲ್‌ದು. ಬರೀ ನೀರು. ಬಿಸಿಲಿಗೆ ಹೆದರಿ ಸಿಕ್ಕಿದ ಕಡೆಯೆಲ್ಲ ಕುಡಿದೆ.

ಸೈಕಲ್‌ನಲ್ಲಿ ಮೊದಲ 30 ಕಿ.ಮೀ 66 ನಿಮಿಷ, ಎರಡನೆಯದು 72, ಮೂರನೆಯದು 83. ಮೊದಲಿಗೆ ಗಾಳಿಯಲ್ಲಿ ತೇಲಿದ ಹಾಗೆ ಇತ್ತು.

ಓಟದಲ್ಲಿ ಎಂಟು ಕಿ.ಮೀ ತನಕ ಪರವಾಗಿಲ್ಲ. ದೋನಾ ಪೌಲಾ ಕಡೆ ಏರಿನಲ್ಲಿ ತೊಡೆ ಹಿಡಿದುಕೊಂಡಿತು. ವಾಂತಿ ಬರುವ ಹಾಗೆ, ತಲೆ ಭಾರ. ಅಲ್ಲಿಂದ ನಡಿಗೆಯೇ ಜಾಸ್ತಿ. ಉಂಗುರ ಬೆರಳಿಗೆ ಬಿಗಿಯಾಗಿತ್ತು, ಅದು ಯಾಕೋ ನೆನಪಿದೆ.


ಡಾ_ಓಟ | ಸೋಮವಾರ, ರಾತ್ರಿ 10:12

ಉಂಗುರದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಇಲ್ಲಿ ಕೂತು ರೋಗ ಹೇಳುವುದು ತಪ್ಪು, ಹಾಗಾಗಿ ನಿಮಗೆ ಇದೇ ಆಗಿತ್ತು ಅನ್ನುವುದಿಲ್ಲ. ಆದರೆ ಎಲ್ಲರೂ ತಿಳಿದಿರಲಿ. ಗಂಟೆಗಟ್ಟಲೆ ಬೆವರು ಸುರಿಸುತ್ತಾ, ಬಾಯಾರಿಕೆ ಇಲ್ಲದಿದ್ದರೂ ಬರೀ ನೀರು ತುಂಬಿಕೊಂಡರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಬೆರಳು ಊದುವುದು, ವಾಕರಿಕೆ, ತಲೆನೋವು, ಗೊಂದಲ ಇವು ಗುರುತುಗಳು. ಜೋರಾದರೆ ಜೀವಕ್ಕೇ ಅಪಾಯ. ಇದು ನೀರು ಕಡಿಮೆಯಾಗಿ ಆಗುವುದಲ್ಲ, ಜಾಸ್ತಿಯಾಗಿ ಆಗುವುದು. ಆಗ ಅಯ್ಯೋ ಪಾಪ ಅಂತ ಇನ್ನೂ ನೀರು ಕುಡಿಸಿದರೆ ಕೆಟ್ಟಿತು. ರೇಸಿಗೆ ಮುಂಚೆಗಿಂತ ರೇಸ್ ಆದ ಮೇಲೆ ತೂಕ ಹೆಚ್ಚಿದ್ದರೆ ಕುಡಿದದ್ದು ಜಾಸ್ತಿ ಅಂತ ಅರ್ಥ. ಬಾಯಾರಿದಾಗ ಕುಡಿಯಿರಿ. ಬಾಟಲಿಯಲ್ಲಿ ಉಪ್ಪು ಇರಲಿ.

ಎರಡನೆಯದು ಊಟ. ಸೈಕಲ್ ಮೇಲೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು, ಅಭ್ಯಾಸ ಇದ್ದವರಿಗೆ ಇನ್ನೂ ಜಾಸ್ತಿ. 3:41ಕ್ಕೆ ಅದು 220 ಗ್ರಾಂ. ಎರಡು ಜೆಲ್ ಮತ್ತು ಒಂದು ಬಾಳೆಹಣ್ಣು ಅಂದರೆ ಹೆಚ್ಚೂ ಕಡಿಮೆ 75 ಗ್ರಾಂ. ಮೂರರಲ್ಲಿ ಒಂದು ಪಾಲು! ಇಂಜಿನ್‌ಗೆ ಡೀಸೆಲ್ ಹಾಕದೆ ಘಾಟಿ ಹತ್ತಿಸಿದ್ದೀರಿ.


ಹುಬ್ಬಳ್ಳಿ_ಚೈನು | ಸೋಮವಾರ, ರಾತ್ರಿ 10:20

ಓಆರ್‌ಎಸ್ ಕುಡಿದರೆ ಎರಡೂ ಸಿಗುತ್ತದೆ ಅಲ್ವಾ ಡಾಕ್ಟ್ರೇ? ನಾನು ಅದನ್ನೇ ಕುಡಿಯುವುದು.


ಡಾ_ಓಟ | ಸೋಮವಾರ, ರಾತ್ರಿ 10:29

ಉಪ್ಪು ಸಿಗುತ್ತದೆ, ಶಕ್ತಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರ್‌ಗೆ ಗ್ಲೂಕೋಸ್ ಬರೀ 13.5 ಗ್ರಾಂ. ಅದು ಭೇದಿಗೆ ಮಾಡಿದ್ದು, 90 ಕಿ.ಮೀ ಸೈಕಲ್‌ಗೆ ಅಲ್ಲ. ಜೊತೆಗೆ ತಿನ್ನಲೇಬೇಕು.


ಓಟದ_ಅಕ್ಕ | ಮಂಗಳವಾರ, ಬೆಳಿಗ್ಗೆ 5:40

ಜೆಲ್ ನನ್ನ ಹೊಟ್ಟೆಗೆ ಆಗುವುದಿಲ್ಲ. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಚ್ಚಿ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ, ಮತ್ತೆ ಬೀಜ ತೆಗೆದ ಖರ್ಜೂರ. ಚಿಕ್ಕಿ ಬೇಡ. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಹೊಟ್ಟೆಯಲ್ಲೇ ಕೂತಿರುತ್ತದೆ. ಚಟ್ನಿಪುಡಿ ಬಗ್ಗೆ ಬೇರೆ ಹೇಳಬೇಕಾ?


ಕೆಂಗೇರಿ_ಪೆಡಲ್ | ಮಂಗಳವಾರ, ಬೆಳಿಗ್ಗೆ 7:55

ಎಲ್ಲ ಸರಿ, ಆದರೆ ಪ್ರಾಕ್ಟೀಸ್ ಮಾಡಲು ರಸ್ತೆ ಎಲ್ಲಿದೆ? ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ನಮ್ಮನ್ನು ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲಿ ಎಮ್ಮೆ, ಟ್ರ್ಯಾಕ್ಟರು, ಎದುರು ಬರುವ ಸ್ಕೂಟರು. ಏರೋ ಬಾರ್ (ಮೊಣಕೈ ಊರಲು ಮುಂದಕ್ಕೆ ಚಾಚಿದ ಹ್ಯಾಂಡಲ್) ಮೇಲೆ ಮಲಗಿದರೆ ಬ್ರೇಕ್ ಕೈಗೆ ಸಿಗುವುದಿಲ್ಲ. ಟಿಟಿ ಬೈಕ್ ತಗೊಂಡ ನನ್ನ ಗೆಳೆಯ ಅದನ್ನು ಮನೆಯಲ್ಲಿ ಟ್ರೈನರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗೋಡೆ ನೋಡುತ್ತಾ ತುಳಿಯುತ್ತಾನೆ. ಮೂರು ಲಕ್ಷ ಕೊಟ್ಟು ಗೋಡೆ ನೋಡುವುದು!


ಬೆಣ್ಣೆದೋಸೆ_41 | ಮಂಗಳವಾರ, ಮಧ್ಯಾಹ್ನ 2:10

ನಾವು ಹರಿಹರ ಕಡೆ ಸರ್ವಿಸ್ ರಸ್ತೆಯಲ್ಲೇ ಬೆಳಿಗ್ಗೆ ಐದಕ್ಕೆ ಹೋಗುತ್ತೇವೆ. ದೊಡ್ಡ ಸಮಸ್ಯೆ ನಾಯಿ. ಒಂದು ಕಡೆ ಆರು ನಾಯಿಗಳ ಗುಂಪಿದೆ. ನನ್ನ ಸೀಸನ್ನಿನ ಅತಿ ವೇಗದ ಒಂದು ಕಿಲೋಮೀಟರ್ ಅಲ್ಲೇ ಆಗಿದ್ದು.

ಈಜಿಗೆ ಇನ್ನೊಂದು ಯೋಚನೆ. ಶಾಂತಿಸಾಗರ ಕೆರೆ ಹತ್ತಿರವೇ ಇದೆ. ಅಲ್ಲಿ ಭಾನುವಾರ ಹೋಗಿ ಈಜಿದರೆ ನೇರ ಈಜುವ ಅಭ್ಯಾಸ ಆಗುವುದಿಲ್ಲವೇ?


ಕುಂದಾಪ್ರದವ | ಮಂಗಳವಾರ, ಸಂಜೆ 6:33

ಒಬ್ಬರೇ ಮಾತ್ರ ಬೇಡ. ಕೈಮುಗಿದು ಹೇಳುತ್ತೇನೆ. ಕೆರೆ ಅಂದರೆ ಶಾಂತ ಅಂತ ಜನ ತಿಳಿಯುತ್ತಾರೆ. ತಳದಲ್ಲಿ ಹೂಳು, ಜೊಂಡು, ಮೀನಿನ ಬಲೆ. ಬಲೆ ಕಾಲಿಗೆ ಸುತ್ತಿದರೆ ಎಂಥ ಈಜುಗಾರನೂ ಒಂದೇ. ಮೊದಲು ಅನುಮತಿ ಕೇಳಿ. ಸ್ಥಳೀಯ ಮೀನುಗಾರರನ್ನು ದೋಣಿ ಸಮೇತ ಜೊತೆಗೆ ಕರೆದುಕೊಳ್ಳಿ, ಅವರ ಅರ್ಧ ದಿನದ ಕೂಲಿ ಕೊಡಿ. ಸೊಂಟಕ್ಕೆ ಕಿತ್ತಳೆ ಬಣ್ಣದ ಟೋ ಫ್ಲೋಟ್ (ಹಿಂದೆ ತೇಲುತ್ತಾ ಬರುವ ಗಾಳಿ ಚೀಲ) ಕಟ್ಟಿಕೊಳ್ಳಿ, ದೂರದಿಂದ ಕಾಣಿಸುತ್ತದೆ.

ಸಮುದ್ರ ಬೇಕಾದರೆ ಡಿಸೆಂಬರ್‌ನಿಂದ ಮಾರ್ಚ್ ನಡುವೆ ನಮ್ಮ ಕಡೆ ಬನ್ನಿ. ಮಳೆಗಾಲದಲ್ಲಿ ನಾವೇ ಇಳಿಯುವುದಿಲ್ಲ. ನೀರು ಒಳಗೆ ಎಳೆಯುತ್ತಿದೆ ಅನಿಸಿದರೆ ದಡದ ಕಡೆಗೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ತಪ್ಪಿದ ಮೇಲೆ ದಡಕ್ಕೆ ತಿರುಗಿ. ನಾಲ್ಕು ಭಾನುವಾರ ಬಂದರೆ ಸಾಕು, ಊಟ ನಮ್ಮನೆಯಲ್ಲಿ.


ಹಾಸಿಗೆ_ವೀರ | ಮಂಗಳವಾರ, ಸಂಜೆ 6:40

ಊಟ ಮೀನಿನದಾದರೆ ನಾನೂ ಈಜು ಕಲಿಯುತ್ತೇನೆ.


ಸಿಂಗಾಪುರ_ಗೌಡ | ಮಂಗಳವಾರ, ರಾತ್ರಿ 9:05

ಎಲ್ಲ ಮಾಹಿತಿ ಬಂದಿದೆ, ಒಟ್ಟು ಹಾಕೋಣ. ಇರುವುದು 499 ನಿಮಿಷ. 7 ಗಂಟೆ ಅಂದರೆ 420.

ಈಜು ನೇರ ಆದರೆ 10 ನಿಮಿಷ. ಟಿ1, ಟಿ2 ಸೇರಿ 10. ಓಟ 3:12ರಿಂದ 2:30ಕ್ಕೆ ಬಂದರೆ 42. ತಾಜಾ ಕಾಲಿನಲ್ಲಿ 2:14 ಓಡಿದವರಿಗೆ ಅದು ದುರಾಸೆ ಅಲ್ಲ. ಒಟ್ಟು 62 ನಿಮಿಷ. ಅಂದರೆ 7:17, ಹೊಸ ಸೈಕಲ್ ಇಲ್ಲದೆ.

ಈಗ 2.8 ಲಕ್ಷದ ಪ್ರಶ್ನೆ. 18 ನಿಮಿಷ ಇನ್ನೂ ಬೇಕು. ಸೈಕಲ್ 221ರಿಂದ 203ಕ್ಕೆ ಬರಬೇಕು, ಅಂದರೆ ಗಂಟೆಗೆ ಇಪ್ಪತ್ತಾರೂವರೆ ಕಿ.ಮೀ. ಇವರು ಮೊದಲ 30 ಕಿ.ಮೀ 27ಕ್ಕಿಂತ ಜಾಸ್ತಿ ವೇಗದಲ್ಲಿ ಹೋಗಿದ್ದಾರೆ, ಇದೇ ಸೈಕಲ್‌ನಲ್ಲಿ! ಆಮೇಲೆ ಸುಸ್ತಾಗಿ 22ಕ್ಕೆ ಇಳಿದಿದ್ದಾರೆ. ಮೊದಲು ಸ್ವಲ್ಪ ತಡೆದು, ಹೊಟ್ಟೆಗೆ ಹಾಕುತ್ತಾ ಒಂದೇ ಸಮ ತುಳಿದರೆ ಆ 18 ಅಲ್ಲೇ ಇದೆ ಅನ್ನೋದು ನನ್ನ ಅಂದಾಜು.


ಹುಬ್ಬಳ್ಳಿ_ಚೈನು | ಮಂಗಳವಾರ, ರಾತ್ರಿ 9:26

ಕಾಗದದ ಮೇಲೆ ಎಲ್ಲರೂ 7 ಗಂಟೆಯೊಳಗೇ ಮುಗಿಸುತ್ತಾರೆ ಗೌಡ್ರೇ. ಈಜಿನಲ್ಲಿ ಒಂದು ಕಾಲು ಮುಖಕ್ಕೆ ಬಡಿದರೆ ಹತ್ತರಲ್ಲಿ ಐದು ಹೋಯಿತು. ಬಿಸಿಲು ಜಾಸ್ತಿ ಆದರೆ ಓಟದ 42ರಲ್ಲಿ 20 ಹೋಯಿತು. ಆಗ ಉಳಿಸಿಕೊಡುವುದು ಸೈಕಲ್ಲೇ.

ಆದರೂ ನಾನು ಸ್ವಲ್ಪ ಇಳಿದು ಬರುತ್ತೇನೆ. ಪೂರ್ತಿ ಟಿಟಿ ಬೈಕ್ ಬೇಡ. ಇರುವ ಬೈಕಿಗೇ ಕ್ಲಿಪ್ ಹಾಕುವ ಏರೋ ಬಾರ್ ತಗೊಳ್ಳಿ, ಒಳ್ಳೆ ಕಡೆ ನಿಮ್ಮ ಮೈ ಅಳತೆಗೆ ಬೈಕ್ ಫಿಟ್ ಮಾಡಿಸಿ, ಟೈರ್ ಒಳ್ಳೆಯದು ಹಾಕಿ. ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸೈಕಲ್ಲಿನದಲ್ಲ, ಮೇಲೆ ಕೂತವನ ಮೈಯದು. ಮೈ ಬಗ್ಗಿದರೆ ಅರ್ಧ ಗೆದ್ದಂತೆ. ನಾನು ಇಷ್ಟು ಇಳಿದಿದ್ದು ಈ ವೇದಿಕೆಯ ಇತಿಹಾಸದಲ್ಲೇ ಮೊದಲು, ಬರೆದಿಟ್ಟುಕೊಳ್ಳಿ.


ಭಾವಮೈದ_ಒರಿಜಿನಲ್ | ಮಂಗಳವಾರ, ರಾತ್ರಿ 10:02

ಭಾವ, ನಮಸ್ಕಾರ. ಹೆಸರು ಬದಲಾಯಿಸಿದರೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ಗೊಬ್ಬರದಂಗಡಿ, 41, ಮಗಳ ಜೊತೆ ಈಜು. ಇಡೀ ದಾವಣಗೆರೆಗೆ ಒಬ್ಬರೇ.

ಎಲ್ಲರೂ ಕಷ್ಟಪಟ್ಟು ಸಲಹೆ ಕೊಡುತ್ತಿದ್ದಾರೆ. ಆ ಸೈಕಲ್‌ಗೆ ಹೋದ ಗುರುವಾರವೇ ಮೂವತ್ತು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ ಅಂತ ಯಾಕೆ ಬರೆಯಲಿಲ್ಲ?


ಹಾಸಿಗೆ_ವೀರ | ಮಂಗಳವಾರ, ರಾತ್ರಿ 10:03

ಅಯ್ಯಯ್ಯೋ.


ಮೈಸೂರಮ್ಮ | ಮಂಗಳವಾರ, ರಾತ್ರಿ 10:07

ಅಕ್ಕನಿಗೆ ಗೊತ್ತಾ?


ಭಾವಮೈದ_ಒರಿಜಿನಲ್ | ಮಂಗಳವಾರ, ರಾತ್ರಿ 10:09

ಅಕ್ಕನ ಫೋನಿನಲ್ಲೇ ಓದಿದ್ದು.


ಬೆಣ್ಣೆದೋಸೆ_41 | ಬುಧವಾರ, ಮಧ್ಯಾಹ್ನ 12:15

ರಾತ್ರಿ ನಮ್ಮ ಮನೆಯಲ್ಲಿ ನಡೆದ ಚರ್ಚೆ ಇಲ್ಲಿಗಿಂತ ಚಿಕ್ಕದಿತ್ತು, ಆದರೆ ಬೇಗ ತೀರ್ಮಾನ ಆಯಿತು. ಅಂಗಡಿಯವರು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದರು, ಅದೇ ದುಡ್ಡಿಗೆ ಸಾಮಾನು ತಗೊಳ್ಳಿ ಅಂದರು. ಏರೋ ಬಾರ್, ಟೈರು, ಟ್ರೈ ಸೂಟ್, ಎಲಾಸ್ಟಿಕ್ ಲೇಸು, ಎರಡು ಬಾಟಲಿ. ಉಳಿದದ್ದಕ್ಕೆ ಮಗಳಿಗೆ ಒಂದು ಸೈಕಲ್. ಅದು ಅವಳಮ್ಮನ ಷರತ್ತು.

ಗುರಿಯನ್ನೂ ಬದಲಾಯಿಸಿದೆ. 7:15 ಅಂತ ಬರೆದಿಟ್ಟಿದ್ದೇನೆ. ಓಟವನ್ನು ಒಮ್ಮೆಯೂ ನಡೆಯದೆ ಮುಗಿಸಬೇಕು, ಅದು ಗಡಿಯಾರಕ್ಕಿಂತ ಮುಖ್ಯ ಅನಿಸುತ್ತಿದೆ. ಜೂನ್-ಜುಲೈ ಹೇಗೂ ನನ್ನ ಕೈಯಲ್ಲಿಲ್ಲ. ಹಾಗಾಗಿ ಡಿಸೆಂಬರ್‌ನಿಂದ ಮೇ ತನಕವೇ ಬುನಾದಿ ಹಾಕಬೇಕು. ಬಿತ್ತನೆ ಹೊತ್ತಿನಲ್ಲಿ ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿ ಇರುವುದನ್ನು ಕಾಪಾಡಿಕೊಂಡರೆ ಸಾಕು ಅಲ್ವಾ?


ಓಟದ_ಅಕ್ಕ | ಬುಧವಾರ, ಮಧ್ಯಾಹ್ನ 1:48

ಸಾಕು. ಆದರೆ ಅರ್ಧ ಗಂಟೆಯಲ್ಲಿ ಸ್ವಲ್ಪ ಹೊತ್ತು ಜೋರಾಗಿ ಓಡಿ. ಉಳಿದ ತಿಂಗಳಲ್ಲಿ ಬಹಳಷ್ಟು ಓಟ ಮಾತಾಡಿಕೊಂಡು ಓಡುವಷ್ಟು ನಿಧಾನ ಇರಲಿ. ಮತ್ತೆ ಶನಿವಾರ ಸೈಕಲ್ ಇಳಿದ ತಕ್ಷಣ ಇಪ್ಪತ್ತು ನಿಮಿಷ ಓಡಿ. ಮೊದಲ ಎರಡು ಕಿ.ಮೀ ಕಾಲು ಬೇರೆ ಯಾರದ್ದೋ ಅನಿಸುತ್ತದೆ, ಅದಕ್ಕೆ ಒಗ್ಗಿಕೊಳ್ಳಬೇಕು. ಸಸ್ಯಾಹಾರಿಯಾಗಿದ್ದರೆ ಒಮ್ಮೆ ರಕ್ತದಲ್ಲಿ ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ), ಬಿ12 ನೋಡಿಸಿ. ನನಗೆ ಒಂದು ವರ್ಷ ಸುಸ್ತು ಯಾಕೆ ಅಂತಲೇ ಗೊತ್ತಾಗಿರಲಿಲ್ಲ.


ಅರ್ಧದಾರಿ | ಬುಧವಾರ, ಸಂಜೆ 4:30

7:15 ಆದ ಮೇಲೆ ಪೂರ್ತಿ 226 ಯಾವಾಗ ಸರ್?


ಸಿಂಗಾಪುರ_ಗೌಡ | ಬುಧವಾರ, ಸಂಜೆ 4:52

ಸ್ವಲ್ಪ ತಡೀರಿ ಗುರು. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ಶುರು ಮಾಡಿದವರೇ 15 ಜನ, ಮುಗಿಸಿದವರು 12. ಗೆದ್ದವರಿಗೂ ಹನ್ನೊಂದು ಮುಕ್ಕಾಲು ಗಂಟೆ ಹಿಡಿದಿತ್ತು. ಅವರ ಮನೆಯಲ್ಲಿ ಯಾರಾದರೂ ಅಡ್ವಾನ್ಸ್ ವಿಷಯ ಕೇಳಿದ್ದರೋ ಇಲ್ಲವೋ.


ಮೈಸೂರಮ್ಮ | ಭಾನುವಾರ, ಬೆಳಿಗ್ಗೆ 11:20

ಬೆಣ್ಣೆದೋಸೆಯವರೇ, ಟಿ1 ಅಭ್ಯಾಸ ಶುರುವಾಯಿತಾ?


ಬೆಣ್ಣೆದೋಸೆ_41 | ಭಾನುವಾರ, ಮಧ್ಯಾಹ್ನ 3:36

ಆಯಿತು ಮೇಡಂ. ಬೆಳಿಗ್ಗೆ ಅಂಗಡಿ ಹಿಂದೆ, ಎರಡು ಕೊಡ ನೀರು ಸುರಿದುಕೊಂಡು, ಗೊಬ್ಬರದ ಚೀಲದ ಮೇಲೆ ಕೂತು. ಮೊದಲ ಸಲ 6:20, ಎರಡನೇ ಸಲ 4:50. ಹಮಾಲರು ಲೋಡ್ ಇಳಿಸುವುದು ಬಿಟ್ಟು ನೋಡುತ್ತಾ ನಿಂತಿದ್ದರು. ಅವರಲ್ಲೊಬ್ಬ ಈಗ ಮೊಬೈಲಿನಲ್ಲಿ ಟೈಮ್ ಹಿಡಿಯುತ್ತಾನೆ. ಒದ್ದೆ ಕಾಲಿಗೆ ಸಾಕ್ಸ್ ಮಾತ್ರ ಏನು ಮಾಡಿದರೂ ಹೋಗುತ್ತಿಲ್ಲ.


ಮೈಸೂರಮ್ಮ | ಭಾನುವಾರ, ಮಧ್ಯಾಹ್ನ 3:41

ಸಾಕ್ಸ್ ಒಳಗೆ ಪೌಡರ್ ಹಾಕಿ, ಅರ್ಧ ಮಡಚಿ ಇಡಿ. ಬೆರಳು ತೂರಿಸಿ ಎಳೆದರೆ ಹೋಗುತ್ತದೆ.


ಹುಬ್ಬಳ್ಳಿ_ಚೈನು | ಭಾನುವಾರ, ಸಂಜೆ 5:02

ಮಗಳಿಗೆ ಯಾವ ಸೈಕಲ್ ತಗೊಂಡ್ರಿ? ಫೋಟೋ ಹಾಕ್ರಿ.